ಸ್ತ್ರೀ–ಪುರುಷ ನಿರುದ್ಯೋಗ ಅಂತರದ ದತ್ತಾಂಶ ಚಿತ್ರಣ

ಹೆಂಗಸರ ಮತ್ತು ಗಂಡಸರ ನಿರುದ್ಯೋಗ ದರಗಳ ನಡುವಿನ ವ್ಯತ್ಯಾಸವನ್ನು ಸಾರ್ವಜನಿಕ ಅಂಕಿಅಂಶಗಳ ಆಧಾರದಿಂದ ರೇಖಾಚಿತ್ರಗಳಲ್ಲಿ ತೋರಿಸುವ ಕ್ರಮ. ಭಾರತದಲ್ಲಿ ಇದಕ್ಕೆ ಮುಖ್ಯ ಆಕರ, ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರ ಏಪ್ರಿಲ್‌ನಲ್ಲಿ ಆರಂಭಿಸಿದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ (ಪಿಎಲ್‌ಎಫ್‌ಎಸ್).

ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಗೆರೆಗಳ ನಕ್ಷೆ. ದಾರಿ ತಪ್ಪಿಸುವುದೂ ಅದೇ. ಹಿಂದಿನ 365 ದಿನಗಳನ್ನು ಗಣಿಸುವ ‘ಸಾಮಾನ್ಯ ಸ್ಥಿತಿ’ಯ ಪ್ರಕಾರ, 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ 2017–18ರಲ್ಲಿ ಪುರುಷರಲ್ಲಿ ಶೇ 6.1, ಮಹಿಳೆಯರಲ್ಲಿ ಶೇ 5.6 ಇತ್ತು. 2023–24ರಲ್ಲಿ ಇಬ್ಬರದೂ ಶೇ 3.2. ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುವುದರಿಂದ ಅಂತರ ಅಳಿಯಿತೆಂದು ನೋಡುಗರು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಈ ದರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೆಲಸದಲ್ಲಿರುವವರನ್ನು ಮತ್ತು ಕೆಲಸಕ್ಕಾಗಿ ಹುಡುಕುತ್ತಿರುವವರು ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರನ್ನು ಮಾತ್ರ. ಮನೆಗೆಲಸದಲ್ಲೇ ಉಳಿದವಳು ಇದರಲ್ಲಿ ನಿರುದ್ಯೋಗಿಯೂ ಅಲ್ಲ, ಉದ್ಯೋಗಿಯೂ ಅಲ್ಲ.

ಆದ್ದರಿಂದ ನೂರು ಜನರನ್ನು ಒಂದು ಸ್ತಂಭವಾಗಿ ನಿಲ್ಲಿಸಿ, ಮೂರು ಭಾಗ ಮಾಡಿ ತೋರಿಸುವುದು ಮೇಲು. 2023–24ರ ನೂರು ಮಹಿಳೆಯರಲ್ಲಿ ಸುಮಾರು 40 ಮಂದಿ ಕೆಲಸದಲ್ಲಿದ್ದರು, ಒಬ್ಬರಿಗಿಂತ ತುಸು ಹೆಚ್ಚು ನಿರುದ್ಯೋಗಿಗಳು, 58 ಮಂದಿ ಕಾರ್ಮಿಕ ಬಲದಿಂದಲೇ ಹೊರಗೆ. ಪುರುಷರ ಸ್ತಂಭದಲ್ಲಿ ಹೊರಗುಳಿದವರು 21. ಮಹಿಳೆಯರ ‘ಕೆಲಸ’ವನ್ನೂ ಇನ್ನಷ್ಟು ಸೀಳಿ ನೋಡಬೇಕು: ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಕೂಲಿಯಿಲ್ಲದೆ ದುಡಿಯುವವಳನ್ನೂ ಸಮೀಕ್ಷೆ ಉದ್ಯೋಗಿ ಎಂದೇ ಎಣಿಸುತ್ತದೆ.

ಹಳ್ಳಿ–ಪಟ್ಟಣಗಳ ಸರಾಸರಿಯೂ ಬಹಳಷ್ಟನ್ನು ಮುಚ್ಚಿಡುತ್ತದೆ. ಅದೇ ವರ್ಷ ನಗರಗಳಲ್ಲಿ ಮಹಿಳೆಯರ ದರ ಶೇ 7.1, ಪುರುಷರದು 4.4, ಹಳ್ಳಿಗಳಲ್ಲಿ ಲೆಕ್ಕ ತಿರುವುಮುರುವು, ಮಹಿಳೆಯರದು 2.1, ಪುರುಷರದು 2.7. ಎರಡು ಚುಕ್ಕೆಗಳನ್ನು ಅಡ್ಡಗೆರೆಯಿಂದ ಜೋಡಿಸುವ ನಕ್ಷೆಯಲ್ಲಿ ಈ ಅದಲುಬದಲು ಒಂದೇ ನೋಟಕ್ಕೆ ಸಿಗುತ್ತದೆ. ಚುಕ್ಕೆಗಳಿಗೆ ಗುಲಾಬಿ, ನೀಲಿ ಬಣ್ಣಗಳೇ ಆಗಬೇಕೆಂಬ ನಿಯಮವೇನೂ ಇಲ್ಲ.

2025ರ ಜನವರಿಯಿಂದ ಸಮೀಕ್ಷೆಯ ಮಾದರಿ ವಿನ್ಯಾಸ ಬದಲಾಗಿದ್ದು, ಈಗ ಮಾಸಿಕ ಅಂಕಿಗಳೂ ಪ್ರಕಟವಾಗುತ್ತಿವೆ. ಅವು ಹಿಂದಿನ ಏಳು ದಿನಗಳನ್ನಷ್ಟೇ ಗಣಿಸುವ ‘ಪ್ರಚಲಿತ ವಾರದ ಸ್ಥಿತಿ’ಯ ಅಂಕಿಗಳು. ಮೇಲಿನ ವಾರ್ಷಿಕ ದರಗಳ ಜೊತೆ ಅವನ್ನು ಒಂದೇ ಗೆರೆಯಲ್ಲಿ ಸೇರಿಸುವುದು ತಪ್ಪು.