ಹೆಪಟೈಟಿಸ್ ಸಿ ವೈರಸ್ಸಿನ ಕಿಣ್ವಗಳು ಮತ್ತು ಅವುಗಳಿಗೆ ಸಿಕ್ಕ ಮದ್ದು

ಹೆಪಟೈಟಿಸ್ ಸಿ ವೈರಸ್ಸಿನ ಜೀನೋಮ್ ಸುಮಾರು 9,600 ನ್ಯೂಕ್ಲಿಯೋಟೈಡುಗಳ ಒಂಟಿ ಎಳೆಯ ಆರ್‌ಎನ್‌ಎ. ಯಕೃತ್ತಿನ ಕೋಶ ಅದನ್ನು ಓದಿ ಸುಮಾರು 3,000 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಪ್ರೋಟೀನನ್ನು ಕಟ್ಟುತ್ತದೆ. ಅದು ಹತ್ತು ತುಂಡುಗಳಾದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಕತ್ತರಿಸುವ ಕೆಲಸದ ದೊಡ್ಡ ಪಾಲು ವೈರಸ್ಸಿನದೇ ಕಿಣ್ವವಾದ ಎನ್‌ಎಸ್3-4ಎ ಪ್ರೋಟಿಯೇಸಿನದು. ಆರ್‌ಎನ್‌ಎಯ ಪ್ರತಿ ತೆಗೆಯುವುದು ಎನ್‌ಎಸ್5ಬಿ ಎಂಬ ಪಾಲಿಮರೇಸು. ಇವೆರಡರಲ್ಲಿ ಯಾವುದು ನಿಂತರೂ ವೈರಸ್ಸಿನ ಸಂತಾನ ನಿಲ್ಲುತ್ತದೆ.

ಮೈಕಲ್ ಹೌಟನ್ ಮತ್ತು ಸಹೋದ್ಯೋಗಿಗಳು ಈ ವೈರಸ್ಸನ್ನು ಗುರುತಿಸಿದ್ದು 1989ರಲ್ಲಿ. ಆಗಿನ ಚಿಕಿತ್ಸೆ ಇಂಟರ್‌ಫೆರಾನ್. ಮುಂದೆ ಅದಕ್ಕೆ ರಿಬಾವಿರಿನ್ ಸೇರಿತು. ಜ್ವರ, ಖಿನ್ನತೆ, ರಕ್ತಹೀನತೆಗಳನ್ನು ಸಹಿಸಿಕೊಂಡು ವರ್ಷದ ಹತ್ತಿರ ಔಷಧ ತೆಗೆದುಕೊಂಡರೂ ವೈರಸ್ಸಿನ ಒಂದನೇ ಜೀನೋಟೈಪು (ತಳಿ) ತಗುಲಿದ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೂ ಗುಣವಾಗುವ ಖಾತ್ರಿಯಿರಲಿಲ್ಲ.

ಪ್ರೋಟಿಯೇಸಿನ ಸ್ಫಟಿಕ ರಚನೆ 1996ರಲ್ಲಿ ಹೊರಬಂದಾಗ ಔಷಧ ರಸಾಯನಜ್ಞರಿಗೆ ಅಷ್ಟೇನೂ ಸಂತೋಷವಾಗಿರಲಾರದು. ಕಿಣ್ವದ ಕ್ರಿಯಾಸ್ಥಾನ ಬಹಳ ಆಳವಿಲ್ಲದ್ದು, ಸಣ್ಣ ಅಣುವೊಂದು ಗಟ್ಟಿಯಾಗಿ ನೆಲೆಯೂರಲು ಅಲ್ಲಿ ಆಸರೆಯೇ ಕಡಿಮೆ. ದಾರಿ ತೋರಿದ್ದು ಕಿಣ್ವವೇ. ತಾನು ಕತ್ತರಿಸಿದ ತುಂಡಿನ ತುದಿ ತನಗೇ ಅಡ್ಡಿಯಾಗುತ್ತದೆ ಎಂಬ ಅದರ ಗುಣವನ್ನು ಹಿಡಿದು ಬಿಐಎಲ್‌ಎನ್ 2061 ಎಂಬ ಅಣು ರೂಪುಗೊಂಡಿತು. ಎರಡೇ ದಿನದ ಸೇವನೆಯಿಂದ ರೋಗಿಗಳ ರಕ್ತದಲ್ಲಿ ವೈರಸ್ಸಿನ ಪ್ರಮಾಣ ತೀವ್ರವಾಗಿ ಇಳಿದುದು 2003ರಲ್ಲಿ ವರದಿಯಾಯಿತು. ಕೋತಿಗಳ ಹೃದಯಕ್ಕೆ ಹಾನಿ ಕಂಡುಬಂದು ಅದು ಅಲ್ಲಿಗೇ ನಿಂತಿತಾದರೂ ಗುರಿ ಸರಿಯಾದದ್ದೆಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಈ ಚರಿತ್ರೆಯಲ್ಲಿ ಔಷಧಗಳಿಗಿಂತ ಹೆಚ್ಚಿನ ತೂಕ ಒಂದು ಪ್ರಯೋಗವಿಧಾನಕ್ಕೆ ಸಲ್ಲಬೇಕು. ವೈರಸ್ಸು ಪ್ರಯೋಗಾಲಯದ ಕೋಶಗಳಲ್ಲಿ ಬೆಳೆಯಲು ಒಪ್ಪುತ್ತಿರಲಿಲ್ಲ. 1999ರಲ್ಲಿ ಫೋಲ್ಕರ್ ಲೋಹ್‌ಮನ್, ರಾಲ್ಫ್ ಬಾರ್ಟೆನ್‌ಶ್ಲಾಗರ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ತಯಾರಿಸಿದ ರೆಪ್ಲಿಕಾನ್, ಅಂದರೆ ಕೋಶದೊಳಗೆ ತಾನಾಗಿ ನಕಲಾಗುವ ವೈರಲ್ ಆರ್‌ಎನ್‌ಎ ತುಣುಕು, ಸಾವಿರಾರು ಅಣುಗಳನ್ನು ಪರೀಕ್ಷಿಸುವ ಅನುಕೂಲ ಒದಗಿಸಿತು.

2011ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಟೆಲಾಪ್ರೆವಿರ್ ಮತ್ತು ಬೊಸೆಪ್ರೆವಿರ್‌ಗಳಿಗೆ ಅನುಮತಿ ಸಿಕ್ಕಿತು. ಎರಡೂ ಪ್ರೋಟಿಯೇಸ್ ತಡೆಗಳು. ಎರಡಕ್ಕೂ ಇಂಟರ್‌ಫೆರಾನಿನ ಜೊತೆ ಬೇಕೇ ಬೇಕಿತ್ತು. ಏಕೆಂದರೆ ವೈರಸ್ಸಿನ ಪಾಲಿಮರೇಸಿಗೆ ತನ್ನ ತಪ್ಪುಗಳನ್ನು ತಿದ್ದುವ ಸಾಮರ್ಥ್ಯವಿಲ್ಲ. ಹಾಗಾಗಿ ವೈರಸ್ಸಿನ ರೂಪಾಂತರಗಳು ಸದಾ ಹುಟ್ಟುತ್ತಿರುತ್ತವೆ, ಒಂಟಿ ಔಷಧಕ್ಕೆ ಬಗ್ಗದವು ಬೇಗ ಮೇಲುಗೈ ಪಡೆಯುತ್ತವೆ.

ಪಾಲಿಮರೇಸಿನ ಕ್ರಿಯಾಸ್ಥಾನ ಮಾತ್ರ ಎಲ್ಲ ಜೀನೋಟೈಪುಗಳಲ್ಲೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಬದಲಾವಣೆಯಾದರೆ ವೈರಸ್ಸೇ ಕುಂದುತ್ತದೆ. 2013ರ ಡಿಸೆಂಬರಿನಲ್ಲಿ ಬಂದ ಸೊಫೋಸ್ಬುವಿರ್‌ನ ಬಲ ಇದೇ. ಅದು ಯೂರಿಡಿನ್ನಿನ ಹೋಲಿಕೆಯ ಹುಸಿ ನ್ಯೂಕ್ಲಿಯೋಟೈಡು. ಬೆಳೆಯುತ್ತಿರುವ ಎಳೆಗೆ ಸೇರಿ ಅದನ್ನು ಅಲ್ಲೇ ಮುಗಿಸುತ್ತದೆ. ಇದರ ಮೂಲ ಅಣುವಿಗೆ ಮೊದಲ ಫಾಸ್ಫೇಟು ಕೋಶದಲ್ಲಿ ಬಲು ನಿಧಾನವಾಗಿ ಅಂಟುತ್ತಿತ್ತು. ಮೈಕಲ್ ಸೋಫಿಯಾ ಅವರ ತಂಡ ಆ ಫಾಸ್ಫೇಟನ್ನು ಮೊದಲೇ ಸೇರಿಸಿ, ಮರೆಮಾಡಿ, ಯಕೃತ್ತಿನಲ್ಲಿ ಬಿಚ್ಚಿಕೊಳ್ಳುವಂತೆ ಮಾಡಿತು.

ಸೊಫೋಸ್ಬುವಿರ್‌ನ ಜೊತೆಗಾರ ಔಷಧಗಳಾದ ಲೆಡಿಪಾಸ್ವಿರ್, ವೆಲ್ಪಾಟಾಸ್ವಿರ್‌ಗಳು ಹಿಡಿಯುವ ಎನ್‌ಎಸ್5ಎ ಪ್ರೋಟೀನು ಕಿಣ್ವವೇ ಅಲ್ಲ, ಆದರೂ ಅದಿಲ್ಲದೆ ನಕಲು ನಡೆಯದು. 2016ರ ಸೊಫೋಸ್ಬುವಿರ್–ವೆಲ್ಪಾಟಾಸ್ವಿರ್ ಜೋಡಿ ಎಲ್ಲ ಪ್ರಮುಖ ಜೀನೋಟೈಪುಗಳಿಗೂ ಸಲ್ಲುತ್ತದೆ. ಹನ್ನೆರಡು ವಾರದ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದರ ಆಸುಪಾಸು ಮಂದಿ ಗುಣವಾಗುತ್ತಾರೆ.

ಅಮೆರಿಕದಲ್ಲಿ ಸೊಫೋಸ್ಬುವಿರ್‌ನ ಆರಂಭದ ಬೆಲೆ ಇಡೀ ಚಿಕಿತ್ಸೆಗೆ 84,000 ಡಾಲರ್. 2014ರಲ್ಲಿ ಅದರ ಒಡೆತನದ ಗಿಲಿಯಡ್ ಕಂಪನಿ ಭಾರತದ ತಯಾರಕರಿಗೆ ಪರವಾನಗಿ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಅವರಲ್ಲೊಂದು. ಮೂರನೇ ಜೀನೋಟೈಪು ಹೆಚ್ಚಾಗಿರುವ ಭಾರತದಲ್ಲಿ 2018ರಿಂದ ಸರ್ಕಾರಿ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ. ಕಿಣ್ವಗಳ ಮಾತಿಗೆ ಮರಳಿದರೆ, ಎನ್‌ಎಸ್3 ಪ್ರೋಟೀನಿನ ಇನ್ನೊಂದು ತುದಿಯಲ್ಲಿರುವ ಹೆಲಿಕೇಸ್ ಕಿಣ್ವದ ಮೇಲೂ ಪ್ರಯತ್ನಗಳು ನಡೆದವು. ಅದರಿಂದ ಯಾವ ಔಷಧವೂ ಮಾರುಕಟ್ಟೆಗೆ ಬರಲಿಲ್ಲ.