ಬಹುಮಾನ ಯಾವ ಆಟಕ್ಕೆ?

ಜಾತ್ರೆಯ ಕುಸ್ತಿ ಕಣದಲ್ಲಿ ತೀರ್ಪುಗಾರನಿಗೆ ಹೆಚ್ಚು ತಲೆನೋವಿಲ್ಲ. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ಸುತ್ತ ಕೂತ ಊರೇ ನೋಡಿರುತ್ತದೆ. ಹುಡುಗರ ಕಾಯಿ ಕುಸ್ತಿಯಿಂದ ಬೆಳ್ಳಿ ಕಡಗದ ಕೊನೆಯ ಕುಸ್ತಿಯವರೆಗೂ ಇದೇ ಲೆಕ್ಕ. ನಮ್ಮ ಪ್ರೌಢಶಾಲೆಯ ಕ್ರೀಡಾಕೂಟದಲ್ಲಿಯೂ ದೈಹಿಕ ಶಿಕ್ಷಕರು ಮೊದಲ ಸ್ಥಾನಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1 ಅಂಕ ಬರೆದು, ಕೂಡಿಸಿ, ‘ವೈಯಕ್ತಿಕ ವೀರಾಗ್ರಣಿ’ಯ ಹೆಸರು ಕೂಗುತ್ತಿದ್ದರು. ಆ ಮೊತ್ತಕ್ಕೆ ತಕರಾರು ಬಂದದ್ದು ಕಡಿಮೆ. ಗದ್ದಲವಾಗುತ್ತಿದ್ದದ್ದು ವಾರ್ಷಿಕೋತ್ಸವದಲ್ಲಿ, ಯಾವ ತರಗತಿಯ ನಾಟಕ ಚೆನ್ನಾಗಿತ್ತು ಎಂದು ಹೇಳಬೇಕಾದಾಗ.

ಆ ನಾಟಕದ ಪ್ರಶ್ನೆಯೇ ಈಗ ನಮ್ಮ ಗೆಳೆಯರ ಬಳಗದ ಮುಂದೆ ಬಂದಿದೆ. ರಾಯಚೂರು, ದೇವದುರ್ಗ, ಮಾನ್ವಿಯ ನಾವು ಕೆಲವರು ಬಿಡುವಿನಲ್ಲಿ ಆಟಗಳನ್ನು ತಯಾರಿಸುತ್ತೇವೆ. ಒಬ್ಬ ಚೌಕಾಬಾರದ ಮನೆಗಳನ್ನು ಬದಲಿಸಿ ರಟ್ಟಿನ ಮೇಲೆ ಹೊಸ ಆಟ ಬರೆದರೆ, ಇನ್ನೊಬ್ಬ ಮೊಬೈಲಿನಲ್ಲಿ ಆಡುವಂಥದ್ದನ್ನು ಮಾಡುತ್ತಾನೆ. ವರ್ಷಕ್ಕೊಮ್ಮೆ ‘ಉತ್ತಮ ಆಟ’ಕ್ಕೆ ಬಹುಮಾನ ಕೊಡೋಣ ಎಂಬ ಮಾತಿಗೆ ಎಲ್ಲರೂ ಹೂಂ ಎಂದರು. ಹೇಗೆ ಆರಿಸುವುದು ಎಂಬಲ್ಲಿ ಮಾತು ನಿಂತಿತು. ಕೈ ಎತ್ತಿಸೋಣ ಎಂದರೆ ಬಳಗದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಾಯಚೂರು ನಗರದವರು. ದೇವದುರ್ಗದ ಹುಡುಗನ ಆಟದ ಪೆಟ್ಟಿಗೆಯನ್ನು ಯಾರಾದರೂ ತೆರೆದು ನೋಡುತ್ತಾರೆಂಬ ಭರವಸೆಯಿಲ್ಲ. ಹಿರಿಯ ಮೂವರು ನಿರ್ಧರಿಸಲಿ ಎಂದರೆ, ಆ ಮೂವರು ಯಾರು? ಒಂದೆರಡು ಮಾತು ಖಾರವಾದವು, ಇಬ್ಬರು ಬರುವುದನ್ನೇ ಬಿಟ್ಟರು. ಈ ಗಂಟನ್ನು ಬೇರೆಯವರು ಹೇಗೆ ಬಿಡಿಸಿದರು ಎಂದು ನೋಡಲು ನಾನು ಹಳೆಯ ದಾಖಲೆಗಳಿಗೆ ಕೈ ಹಾಕಿದ್ದು ಹೀಗೆ.

ಚೌಕಾಬಾರವನ್ನು ಕಟ್ಟಿದವರು ಯಾರು ಎಂದು ನಮ್ಮಲ್ಲಿ ಯಾರಿಗೂ ತಿಳಿಯದು. ಹುಲಿ-ಕುರಿ ಆಟದ್ದೂ ಅಷ್ಟೇ. ಹಂಪಿಯ ಬಂಡೆಗಳ ಮೇಲೆ ಆಟದ ಮನೆಗಳನ್ನು ಕೆತ್ತಿದ್ದಾರೆ, ಕೆತ್ತಿದವರ ಹೆಸರಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಮಣೆಯಾಟಗಳನ್ನು ರಚಿಸಿದರೆಂದು ನಮಗೆ ಗೊತ್ತಿರುವುದು ಅವರು ಅರಸರಾಗಿದ್ದರಿಂದ. ಜರ್ಮನಿಯಲ್ಲಿಯೂ ಆಟ ರಚಿಸಿದವರ ಹೆಸರನ್ನು ಪೆಟ್ಟಿಗೆಯ ಮೇಲೆ ಹಾಕುವ ರೂಢಿ ಗಟ್ಟಿಯಾಗಿರಲಿಲ್ಲ. 1988ರಲ್ಲಿ ನ್ಯೂರೆಂಬರ್ಗ್ ಆಟಿಕೆ ಮೇಳದಲ್ಲಿ ಕೆಲವು ರಚನಕಾರರು, ಹೆಸರು ಅಚ್ಚಾಗದಿದ್ದರೆ ನಮ್ಮ ಆಟ ಕೊಡುವುದಿಲ್ಲ ಎಂದು ಬಿಯರ್ ಲೋಟದ ಕೆಳಗಿಡುವ ರಟ್ಟಿನ ಮೇಲೆ ಬರೆದು ಸಹಿ ಹಾಕಿದರು!

ಅಲ್ಲಿಯೇ ‘ಸ್ಪೀಲ್ ಡೆಸ್ ಯಾರೆಸ್’, ಅಂದರೆ ‘ವರ್ಷದ ಆಟ’ ಎಂಬ ಪ್ರಶಸ್ತಿ ಇದೆ. 1979ರಲ್ಲಿ ಮೊದಲ ಸಲ ಅದು ಡೇವಿಡ್ ಪಾರ್ಲೆಟ್ ರಚಿಸಿದ ಆಮೆ-ಮೊಲದ ಓಟದ ಆಟಕ್ಕೆ ಸಂದಿತು. ಆರಿಸುವವರು ಆಟಗಳ ಬಗ್ಗೆ ಬರೆಯುವ ವಿಮರ್ಶಕರು. ಆಟ ತಯಾರಿಸುವವರಿಗೂ ಮಾರುವವರಿಗೂ ಆ ಸಮಿತಿಯಲ್ಲಿ ಜಾಗವಿಲ್ಲ. ಗೆದ್ದವರಿಗೆ ನಗದು ಇಲ್ಲ. ಪ್ರಶಸ್ತಿಯ ಚಿಹ್ನೆಯನ್ನು ಪೆಟ್ಟಿಗೆಯ ಮೇಲೆ ಹಾಕಿಕೊಳ್ಳಲು ಪ್ರಕಾಶಕರೇ ಶುಲ್ಕ ಕಟ್ಟಬೇಕು. ಸಮಿತಿಯ ಕಣ್ಣು ಮನೆಮಂದಿಯೆಲ್ಲ ಕೂತು ಆಡುವ ಆಟಗಳ ಮೇಲೆ. ಹೀಗಾಗಿ ಹೆಚ್ಚು ತಲೆ ಓಡಿಸಬೇಕಾದ ಆಟಗಳಿಗೆ ದಾರಿ ಕಿರಿದಾಯಿತು. 2008ರಲ್ಲಿ ‘ಅಗ್ರಿಕೋಲಾ’ ಎಂಬ ಬೇಸಾಯದ ಆಟಕ್ಕೆ ಪಕ್ಕದಲ್ಲೊಂದು ವಿಶೇಷ ಬಹುಮಾನ ಕೊಟ್ಟು ಸಮಾಧಾನ ಮಾಡಿದರು. 2011ರಿಂದ ಪಳಗಿದ ಆಟಗಾರರ ಆಟಗಳಿಗೆಂದೇ ಬೇರೆ ಪ್ರಶಸ್ತಿ ಶುರುವಾಯಿತು. ಹೊಲ-ಗದ್ದೆ ಬಲ್ಲ ನಮ್ಮೂರಿನವರು ಆ ಬೇಸಾಯದ ಆಟ ಆಡಿದರೆ ಏನನ್ನುತ್ತಾರೋ ನೋಡಬೇಕೆಂಬ ಆಸೆ ನನಗಿದೆ.

ಮತದಾನದ ಕಥೆ ಬೇರೆ. ಅಮೆರಿಕದಲ್ಲಿ 1953ರಲ್ಲಿ ಶುರುವಾದ ಹ್ಯೂಗೋ ಪ್ರಶಸ್ತಿ ಮುಖ್ಯವಾಗಿ ವೈಜ್ಞಾನಿಕ ಕಥೆಗಳದ್ದು. ಆದರೂ ಅಭಿಮಾನಿಗಳೇ ನಡೆಸುವುದರಿಂದ ನಮಗೆ ಹತ್ತಿರದ್ದು. ಸದಸ್ಯತ್ವದ ಹಣ ಕಟ್ಟಿದ ಯಾರು ಬೇಕಾದರೂ ಹೆಸರು ಸೂಚಿಸಬಹುದು, ಆಮೇಲೆ ಮತ ಹಾಕಬಹುದು. 2015ರಲ್ಲಿ ಕೆಲವರು ಮೊದಲೇ ಪಟ್ಟಿ ಮಾಡಿ, ಇವೇ ಹೆಸರುಗಳನ್ನು ಸೂಚಿಸಿರಿ ಎಂದು ಹಂಚಿದರು. ಲೆಕ್ಕ ಸರಳ. ನೂರು ಜನರಲ್ಲಿ ಎಂಬತ್ತು ಮಂದಿ ತಮತಮಗೆ ಮೆಚ್ಚಿದ್ದನ್ನು ಬರೆದರೆ ಅವು ಹತ್ತಾರು ಹೆಸರುಗಳಲ್ಲಿ ಚದುರಿಹೋಗುತ್ತವೆ. ಉಳಿದ ಇಪ್ಪತ್ತು ಮಂದಿ ಒಂದೇ ಪಟ್ಟಿ ಬರೆದರೆ ಕಣದಲ್ಲಿ ಅವರ ಹೆಸರುಗಳೇ ನಿಲ್ಲುತ್ತವೆ. ಆ ವರ್ಷ ಮತದಾರರು ಸಿಟ್ಟಿಗೆದ್ದು ಐದು ವಿಭಾಗಗಳಲ್ಲಿ ‘ಯಾರಿಗೂ ಬೇಡ’ ಎಂಬುದನ್ನೇ ಗೆಲ್ಲಿಸಿದರು. 2017ರಿಂದ ಎಣಿಕೆ ಬದಲಾಯಿತು. ಪ್ರತಿಯೊಬ್ಬ ಸೂಚಕನ ಕೈಯಲ್ಲಿ ಒಂದು ರೂಪಾಯಿ ಇದೆ ಎಂದುಕೊಳ್ಳಿ. ಐದು ಹೆಸರು ಬರೆದರೆ ಒಂದೊಂದಕ್ಕೆ 20 ಪೈಸೆ. ಕೆಳಗಿನ ಹೆಸರುಗಳು ಬಿದ್ದುಹೋದಂತೆ ಆ ಪೈಸೆ ಉಳಿದವಕ್ಕೆ ಹಂಚಿಕೆಯಾಗುತ್ತದೆ. ಒಂದೇ ಪಟ್ಟಿಯ ಐದೂ ಹೆಸರುಗಳು ಕೊನೆಯವರೆಗೆ ಉಳಿದರೆ ಅವು ಒಂದರ ಪೈಸೆಯನ್ನು ಇನ್ನೊಂದು ತಿನ್ನುತ್ತಿರುತ್ತವೆ. ಗಣಿತದ ಮೇಷ್ಟ್ರುಗಳಿಗೆ ತರಗತಿಯಲ್ಲಿ ಮಾಡಿಸಲು ಒಳ್ಳೆಯ ಲೆಕ್ಕ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಓದಿ ಆಡುವ ಕಥೆಯಾಟಗಳ ಸ್ಪರ್ಧೆ. ಚಿತ್ರವಿಲ್ಲದ, ಬರಿ ಅಕ್ಷರದ ಕಂಪ್ಯೂಟರ್ ಆಟಗಳವು; ಮಾಡುವವರು ಹೆಚ್ಚಾಗಿ ನಮ್ಮಂಥ ಹವ್ಯಾಸಿಗಳು. 1995ರಲ್ಲಿ ಕೆವಿನ್ ವಿಲ್ಸನ್ ಶುರುಮಾಡಿದ್ದು, ಇಂದಿಗೂ ನಡೆದಿದೆ. ಸ್ಪರ್ಧಿಗಳನ್ನು ಬಿಟ್ಟು ಯಾರು ಬೇಕಾದರೂ ಅಲ್ಲಿ ತೀರ್ಪುಗಾರರು. ಕನಿಷ್ಠ ಐದು ಆಟ ಆಡಿ 1ರಿಂದ 10ರೊಳಗೆ ಅಂಕ ಕೊಡಬೇಕು, ಒಂದೊಂದು ಆಟದ ಅಂಕವನ್ನು ಎರಡು ತಾಸಿನ ಆಟದ ಮೇಲೆಯೇ ನಿರ್ಧರಿಸಬೇಕು. ಈ ಎರಡು ತಾಸಿನ ನಿಯಮದಿಂದ ಆಟಗಳೇ ಗಿಡ್ಡವಾದವು, ರಚಿಸುವವರು ಅಷ್ಟರೊಳಗೆ ಮುಗಿಯುವಂತೆ ಬರೆಯತೊಡಗಿದರು. ಅಲ್ಲಿ ‘ಭಿನ್ನಮತದ ಚಿನ್ನದ ಬಾಳೆಹಣ್ಣು’ ಎಂಬುದೊಂದಿದೆ: ಕೆಲವರು 10, ಕೆಲವರು 1 ಕೊಟ್ಟು, ಅಂಕಗಳು ಅತಿ ಹೆಚ್ಚು ಚದುರಿದ ಆಟಕ್ಕೆ. ಸರಾಸರಿಯಲ್ಲಿ ಮುಳುಗಿಹೋಗುತ್ತಿದ್ದ ವಿಚಿತ್ರ ಆಟವೊಂದು ಹೀಗೆ ಕಣ್ಣಿಗೆ ಬೀಳುತ್ತದೆ.

ನಮ್ಮ ರಾಜ್ಯೋತ್ಸವ ಪ್ರಶಸ್ತಿಯಲ್ಲಿ 2021ರಲ್ಲಿ 66, 2022ರಲ್ಲಿ 67, 2023ರಲ್ಲಿ 68 ಸಾಧಕರಿದ್ದದ್ದು ನೆನಪಿರಬಹುದು. ಏಕೀಕರಣದ ವರ್ಷಗಳಿಗೆ ಸಂಖ್ಯೆಯನ್ನು ಕಟ್ಟಿದ್ದರಿಂದ ಇನ್ನೊಂದು ಹೆಸರು ಸೇರಿಸಿ ಎನ್ನುವವರಿಗೆ ಕೊಡಲು ಉತ್ತರವೊಂದು ಸಿಕ್ಕಿತು. ಆದರೆ ಯಾವ ಹೆಸರು ಎಂಬ ಪ್ರಶ್ನೆಗೆ ಸಂಖ್ಯೆ ಉತ್ತರ ಕೊಡದು.

ಇಷ್ಟು ಓದಿದ ಮೇಲೆ ಬಳಗಕ್ಕೆ ನಾನು ಬರೆದುಕೊಟ್ಟದ್ದು ಒಂದು ಹಾಳೆ. ಆಟಗಳು ಕೈಗೆ ಬರುವ ಮೊದಲೇ ನಿಯಮ ಬರೆದು ಎಲ್ಲರಿಗೂ ತಿಳಿಸುವುದು. ತಲೆ ಎಣಿಸುವುದು ಬೇಡ, ಅಂಕಗಳ ಸರಾಸರಿ ಸಾಕು; ಅಂಕ ಕೊಡುವವರು ಕನಿಷ್ಠ ನಾಲ್ಕು ಆಟ ಆಡಿರಬೇಕು, ಅದರಲ್ಲಿ ಎರಡು ತಮ್ಮ ತಾಲ್ಲೂಕಿನ ಹೊರಗಿನವು. ತನ್ನ ಆಟಕ್ಕೆ ತಾನು ಅಂಕ ಕೊಡುವಂತಿಲ್ಲ. ‘ಈ ವರ್ಷ ಯಾವುದೂ ಬೇಡ’ ಎಂಬ ಸಾಲೊಂದು ಚೀಟಿಯಲ್ಲಿರಲಿ. ಮೂವರು ಹಿರಿಯರೂ ಇರಲಿ, ಆದರೆ ಜಗಳ ಬಂದಾಗ ನಿಯಮ ಓದಿ ಹೇಳುವುದಕ್ಕೆ ಮಾತ್ರ. ರಾಯಚೂರಿನ ಗೆಳೆಯರು ಎರಡನೆಯ ನಿಯಮಕ್ಕೆ ಗೊಣಗಿದರು, ಕೊನೆಗೆ ಒಪ್ಪಿದರು. ಬಿಟ್ಟುಹೋದ ಇಬ್ಬರಲ್ಲಿ ಮಾನ್ವಿಯವನು ಮರಳಿ ಬಂದಿದ್ದಾನೆ. ಇನ್ನೊಬ್ಬನಿಗೆ ಹಾಳೆ ಕಳಿಸಿದ್ದೇವೆ. ಬಾಳೆಹಣ್ಣಿನ ಬಹುಮಾನವೂ ಇರಲಿ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು, ಚಿನ್ನದ್ದಂತೂ ಅಲ್ಲ, ರಾಯಚೂರಿನ ಮಾರ್ಕೆಟ್ಟಿನಿಂದ ತಂದ ಒಂದು ಡಜನ್.