ಸಾವಯವ ಮೊಟ್ಟೆ ಉತ್ಪಾದನೆ ಮತ್ತು ಇಂಗಾಲದ ಹೆಜ್ಜೆಗುರುತು

ಸಾವಯವವಾಗಿ ಬೆಳೆದ ಆಹಾರವನ್ನು ನೀಡಿ, ಕೋಳಿಗಳನ್ನು ಪಂಜರದಲ್ಲಿ ಕೂಡಿಹಾಕದೆ ಬಯಲಿನಲ್ಲಿ ಅಡ್ಡಾಡಲು ಬಿಟ್ಟು ಮೊಟ್ಟೆ ಪಡೆಯುವ ಪದ್ಧತಿಯನ್ನು ಸಾವಯವ ಮೊಟ್ಟೆ ಉತ್ಪಾದನೆ ಎನ್ನಲಾಗುತ್ತದೆ. ಆದರೆ ಸಾವಯವ ಎಂದ ಮಾತ್ರಕ್ಕೆ ಇಂಗಾಲದ ಹೆಜ್ಜೆಗುರುತು ತಾನಾಗಿಯೇ ತಗ್ಗುವುದಿಲ್ಲ.

ಮೊಟ್ಟೆ ಉತ್ಪಾದನೆಯಿಂದ ಉಂಟಾಗುವ ಹಸಿರುಮನೆ ಅನಿಲಗಳಲ್ಲಿ ಹೆಚ್ಚಿನ ಪಾಲು ಕೋಳಿ ಆಹಾರದ್ದಾಗಿರುತ್ತದೆ. ದಿನಕ್ಕೆ 110 ಗ್ರಾಂ ತಿನ್ನುವ ಕೋಳಿಗೆ ವರ್ಷಕ್ಕೆ ಸುಮಾರು 40 ಕಿ.ಗ್ರಾಂ. ಆಹಾರ ಬೇಕಾಗುತ್ತದೆ. ಅದು 300 ಮೊಟ್ಟೆ ಇಟ್ಟಲ್ಲಿ ಮೊಟ್ಟೆಯೊಂದಕ್ಕೆ ಸುಮಾರು 134 ಗ್ರಾಂ, 180 ಮೊಟ್ಟೆ ಇಟ್ಟಲ್ಲಿ ಸುಮಾರು 223 ಗ್ರಾಂ ಆಹಾರ ವೆಚ್ಚವಾಗುತ್ತದೆ. ಆದುದರಿಂದ ಆಹಾರದ ಮಿತವ್ಯಯವೇ ಪ್ರಮುಖ ಪರಿಹಾರವಾಗಿದೆ.

ಅನುಸರಿಸಬೇಕಾದ ಕ್ರಮಗಳು:

1. ಆಹಾರ ಚೆಲ್ಲಿ ಪೋಲಾಗದಂತೆ ಫೀಡರ್‌ಗಳನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ತೂಗುಹಾಕುವುದು.

2. ದೂರದಿಂದ ತರಿಸುವ ಆಹಾರದ ಬದಲು ಸ್ಥಳೀಯ ಸಾವಯವ ಮೆಕ್ಕೆಜೋಳ, ರಾಗಿ, ಎಣ್ಣೆಕಾಳಿನ ಹಿಂಡಿ ಹಾಗೂ ಸ್ವಂತವಾಗಿ ಬೆಳೆದ ಅಜೋಲ್ಲಾ ಬಳಸುವುದು.

3. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜ, ಸ್ವರ್ಣಧಾರಾ ತಳಿಗಳನ್ನು ಹಿತ್ತಲಿನಲ್ಲಿ ಸಾಕುವುದು. ಇವು ಹುಳುಹುಪ್ಪಟೆ, ಸೊಪ್ಪುಗಳನ್ನೂ ಹುಡುಕಿ ತಿನ್ನುವುದರಿಂದ ಖರೀದಿಸುವ ಆಹಾರ ಕಡಿಮೆಯಾಗುತ್ತದೆ.

4. ನೆಲಹಾಸನ್ನು ಒಣದಾಗಿಡುವುದು, ಗೊಬ್ಬರವನ್ನು ಮಳೆಗೆ ನೆನೆಯದಂತೆ ಮುಚ್ಚಿ ಕಾಂಪೋಸ್ಟ್ ಮಾಡುವುದು. ಕೋಳಿ ಗೊಬ್ಬರದಿಂದ ಹೊರಬರುವ ನೈಟ್ರಸ್ ಆಕ್ಸೈಡ್, ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು ತಾಪಕಾರಿಯಾಗಿರುತ್ತದೆ.

5. ಕೊಕ್ಕರೆ ರೋಗದ ವಿರುದ್ಧ ಸಕಾಲದಲ್ಲಿ ಲಸಿಕೆ ಹಾಕಿಸುವುದು. ಕೋಳಿ ಸತ್ತಲ್ಲಿ ಅದುವರೆಗೆ ನೀಡಿದ ಆಹಾರವೂ ವ್ಯರ್ಥವಾಗುತ್ತದೆ.

ಪ್ರತಿ ತಿಂಗಳು ಬಳಸಿದ ಆಹಾರದ ತೂಕವನ್ನು ದೊರೆತ ಮೊಟ್ಟೆಗಳ ಸಂಖ್ಯೆಯಿಂದ ಭಾಗಿಸಿ ವಹಿಯಲ್ಲಿ ನಮೂದಿಸತಕ್ಕದ್ದು. ಈ ಅಂಕಿ ಇಳಿದಂತೆ ಇಂಗಾಲದ ಹೊರೆಯೂ ರೈತರ ಖರ್ಚೂ ಒಟ್ಟಿಗೆ ಇಳಿಯುತ್ತವೆ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಬಹುದಾಗಿದೆ.